ಸಿನಿಮಾದ ಒಗಟಿನ ಮಾತನ್ನು ಬಿಡಿಸುವುದು ಹೇಗೆ? ‘ಚೈನಾಟೌನ್’ನ ಪ್ರಸಿದ್ಧ ಸಾಲಿನೊಂದಿಗೆ ಹಂತ ಹಂತವಾಗಿ

ಸಿನಿಮಾ ಮುಗಿದರೂ ಯಾವುದೋ ಒಂದು ಮಾತು ತಲೆಯಿಂದ ಹೋಗುವುದಿಲ್ಲ, ಅದರ ಅರ್ಥವೂ ಹೊಳೆಯುವುದಿಲ್ಲ. ಆಗ ಹೆಚ್ಚಿನವರು ಆ ಸಾಲನ್ನೇ ನಾಲ್ಕಾರು ಸಲ ಹಿಂದೆ ಹಾಕಿ ಕೇಳುತ್ತಾರೆ, ಆಮೇಲೆ ‘ಎಂಡಿಂಗ್ ಎಕ್ಸ್‌ಪ್ಲೇನ್ಡ್’ ವಿಡಿಯೋ ಹುಡುಕುತ್ತಾರೆ. ವಿಡಿಯೋ ಮಾಡಿದವರು ಕೊಟ್ಟ ಅರ್ಥವನ್ನೇ ಸಿನಿಮಾದ ಅರ್ಥ ಎಂದು ಒಪ್ಪಿಕೊಂಡು ಸುಮ್ಮನಾಗುತ್ತಾರೆ. ಇಲ್ಲಿ ತಪ್ಪುವುದು ಬುದ್ಧಿಯಲ್ಲ, ಕೆಲಸದ ಕ್ರಮ. ಒಗಟಿನ ಮಾತಿನ ಅರ್ಥ ಬಹುಪಾಲು ಆ ಮಾತಿನೊಳಗೆ ಇರುವುದೇ ಇಲ್ಲ. ಅರ್ಧ ಗಂಟೆಯೋ ಒಂದು ಗಂಟೆಯೋ ಮುಂಚೆ ನಾವು ಕಿವಿಗೊಡದೆ ದಾಟಿಬಂದ ಇನ್ನೊಂದು ಮಾತಿನಲ್ಲಿ ಇರುತ್ತದೆ.

ಉದಾಹರಣೆಗೆ ಒಂದೇ ಸಿನಿಮಾ ಇಟ್ಟುಕೊಳ್ಳೋಣ: ರೋಮನ್ ಪೊಲಾನ್‌ಸ್ಕಿ ನಿರ್ದೇಶಿಸಿದ, ರಾಬರ್ಟ್ ಟೌನ್ ಚಿತ್ರಕಥೆ ಬರೆದ 1974ರ ‘ಚೈನಾಟೌನ್’. ಅದರ ಕೊನೆಯಲ್ಲಿ ಬರುವ ‘ಫರ್ಗೆಟ್ ಇಟ್ ಜೇಕ್, ಇಟ್ಸ್ ಚೈನಾಟೌನ್’ ಎಂಬ ಮಾತು (ಬಿಟ್ಟುಬಿಡು ಜೇಕ್, ಇದು ಚೈನಾಟೌನ್, ಅಂದರೆ ಲಾಸ್ ಏಂಜಲೀಸಿನ ಚೀನೀಯರ ಬಡಾವಣೆ) ಜಗತ್ತಿನಾದ್ಯಂತ ಉಲ್ಲೇಖವಾಗುತ್ತದೆ, ಅಷ್ಟೇ ತಪ್ಪಾಗಿಯೂ ಅರ್ಥವಾಗುತ್ತದೆ. ಮುಂದಿನ ಹಂತಗಳಲ್ಲಿ ಕಥೆಯ ಗುಟ್ಟು ಪೂರ್ತಿ ಬಯಲಾಗುತ್ತದೆ. ನೋಡಿಲ್ಲದವರು ಮೊದಲು ನೋಡಿ ಬನ್ನಿ.

## ಬೇಕಾಗುವ ಸಾಮಾನು

ಹತ್ತು ಸೆಕೆಂಡ್ ಹಿಂದೆ-ಮುಂದೆ ಹೋಗಲು ಬಿಡುವ ಪ್ಲೇಯರ್, ಹೆಡ್‌ಫೋನ್, ನೋಟ್‌ಬುಕ್. ಟಿವಿ ಸ್ಪೀಕರ್ ನಂಬಬೇಡಿ. ಗೊಣಗಿದ ಮಾತು, ಬೆನ್ನು ತಿರುಗಿಸಿ ಆಡಿದ ಮಾತು ಅದರಲ್ಲಿ ಸಂಗೀತದಡಿ ಮುಚ್ಚಿಹೋಗುತ್ತದೆ. ನಮಗೆ ಬೇಕಾದದ್ದು ಎಷ್ಟೋ ಸಲ ಅಂಥ ಮಾತೇ.

ಸಬ್‌ಟೈಟಲ್ ಮೂಲ ಭಾಷೆಯದ್ದೇ ಇರಲಿ. ಕಿವಿ ಕೇಳದವರಿಗಾಗಿ ಮಾಡಿದ ಸಬ್‌ಟೈಟಲ್ ಸಿಕ್ಕರೆ ಅದನ್ನೇ ಆರಿಸಿ. ಯಾರು ಮಾತಾಡಿದರು, ಹಿನ್ನೆಲೆಯಲ್ಲಿ ಯಾವ ಸದ್ದು ಎಂಬುದೂ ಅದರಲ್ಲಿರುತ್ತದೆ. ಸಬ್‌ಟೈಟಲಿನ ಎಸ್‌ಆರ್‌ಟಿ ಫೈಲ್ (ಮಾತು, ಅದು ಬರುವ ಸಮಯ ಎರಡೂ ಇರುವ ಪಠ್ಯದ ಫೈಲ್) ದೊರೆತರಂತೂ ಮೂರನೇ ಹಂತದ ಅರ್ಧ ಕೆಲಸ ಮುಗಿದಂತೆ.

ಚಿತ್ರಕಥೆಯ ಪ್ರತಿ ಇದ್ದರೆ ಒಳ್ಳೆಯದು, ಆದರೆ ಕೊನೆಗೆ ತೆರೆಯಿರಿ. ಕರಡು ಪ್ರತಿಗೂ ಪರದೆಗೂ ವ್ಯತ್ಯಾಸವಿರುತ್ತದೆ. ‘ಚೈನಾಟೌನ್’ ವಿಷಯದಲ್ಲೇ ಟೌನ್ ಮೊದಲು ಯೋಚಿಸಿದ ಅಂತ್ಯದಲ್ಲಿ ಸಾಯುವವನು ಖಳ ನೋಆ ಕ್ರಾಸ್. ನಾವು ನೋಡುವ ದಾರುಣ ಅಂತ್ಯ ಪೊಲಾನ್‌ಸ್ಕಿ ಹಟ ಹಿಡಿದು ಮಾಡಿಸಿದ್ದು. ಕರಡು ಓದಿ ಸಿನಿಮಾಕ್ಕೆ ಅರ್ಥ ಹೇಳಿದರೆ ಇಲ್ಲದ ಸಿನಿಮಾಕ್ಕೆ ಅರ್ಥ ಹೇಳಿದಂತಾಗುತ್ತದೆ.

## ಹಂತ 1: ಮಾತು ನಿಜಕ್ಕೂ ಏನು ಎಂದು ಖಚಿತ ಮಾಡಿಕೊಳ್ಳಿ

ಸಬ್‌ಟೈಟಲ್ ಆಫ್ ಮಾಡಿ ಮೂರು ಸಲ ಕೇಳಿ. ಕೇಳಿಸಿದ್ದನ್ನು ಕೇಳಿಸಿದ ಹಾಗೆಯೇ ಬರೆಯಿರಿ, ಅರ್ಥವಾಗದ ಪದವಿದ್ದರೆ ಉಚ್ಚಾರವನ್ನು ಕನ್ನಡದಲ್ಲೇ ಗೀಚಿಕೊಳ್ಳಿ. ಆಮೇಲೆ ಸಬ್‌ಟೈಟಲ್ ಆನ್ ಮಾಡಿ ಹೋಲಿಸಿ. ಎರಡಕ್ಕೂ ತಾಳೆಯಾಗದ ಕಡೆ ಗೆರೆ ಎಳೆಯಿರಿ.

ತಾಳೆಯಾಗದಿರುವುದು ಅಪರೂಪವೇನಲ್ಲ. ಸಬ್‌ಟೈಟಲ್ ಒಂದು ಸಲಕ್ಕೆ ಎರಡು ಸಾಲು ಮೀರಬಾರದು, ಒಂದೊಂದು ಸಾಲಿಗೂ ಸುಮಾರು 40 ಅಕ್ಷರದ ಮಿತಿ, ಓದಲು ಸಿಗುವುದು ಕೆಲವೇ ಸೆಕೆಂಡ್. ಹೀಗಾಗಿ ಬರೆಯುವವರು ಮಾತನ್ನು ಕತ್ತರಿಸುತ್ತಾರೆ. ಮೊದಲು ಹೋಗುವುದು ‘ಮತ್ತೆ’, ‘ಇನ್ನೂ’, ‘ಅಲ್ಲಿ’ ಥರದ ಸಣ್ಣ ಪದಗಳು. ಒಗಟಿನ ಬೀಗದ ಕೈ ಇರುವುದು ಹಲವು ಸಲ ಅವುಗಳಲ್ಲೇ. ಡಬ್ಬಿಂಗಿನಲ್ಲಿ ತುಟಿ ಚಲನೆಗೆ ಹೊಂದಿಸಲು ಪದವನ್ನೇ ಬದಲಿಸುವುದುಂಟು. ಡಬ್ ಆದ ಆವೃತ್ತಿ ನೋಡಿ ಈ ಕೆಲಸಕ್ಕೆ ಕೂರಬೇಡಿ.

ತಪ್ಪಾಗಿ ಕೇಳಿಸುವುದು ಎಷ್ಟು ಮುಖ್ಯ ಎಂಬುದನ್ನು ‘ಚೈನಾಟೌನ್’ ತಾನೇ ಎರಡು ಕಡೆ ತೋರಿಸುತ್ತದೆ. ಪತ್ತೇದಾರ ಜೇಕ್ ಗಿಟಿಸ್ ಮಲ್ರೇ ದಂಪತಿಯ ಮನೆಗೆ ಹೋದಾಗ ಅಂಗಳದ ಕೊಳದ ಬಳಿ ಜಪಾನಿ ತೋಟಗಾರ ‘ಬ್ಯಾಡ್ ಫಾರ್ ಗ್ಲಾಸ್’ ಎನ್ನುತ್ತಾನೆ. ಗಿಟಿಸ್ ಅದೇ ಉಚ್ಚಾರವನ್ನು ಅಣಕಿಸಿ ಮುಂದೆ ಹೋಗುತ್ತಾನೆ. ತೋಟಗಾರ ಹೇಳಿದ್ದು ‘ಗ್ರಾಸ್’, ಅಂದರೆ ಹುಲ್ಲು: ಉಪ್ಪುನೀರು ಹುಲ್ಲಿಗೆ ಕೆಟ್ಟದ್ದು. ಅದು ಉಪ್ಪುನೀರಿನ ಕೊಳ, ಸತ್ತ ಇಂಜಿನಿಯರ್ ಹೋಲಿಸ್ ಮಲ್ರೇಯ ಶ್ವಾಸಕೋಶದಲ್ಲಿ ಸಿಕ್ಕಿದ್ದೂ ಉಪ್ಪುನೀರು. ಎರಡನ್ನೂ ಕೂಡಿಸಲು ಗಿಟಿಸ್‌ಗೆ ಸಿನಿಮಾದ ಬಹುಭಾಗ ಬೇಕಾಗುತ್ತದೆ. ಕೊಳದ ತಳದಲ್ಲಿ ಸಿಗುವುದು ನಿಜವಾಗಿಯೂ ಗಾಜು, ಒಂದು ಕನ್ನಡಕ! ತಪ್ಪಾಗಿ ಕೇಳಿಸಿದ ಪದವೂ ಒಂದು ಸುಳಿವಾಗಿ ಕೂತಿದೆ. ಸಬ್‌ಟೈಟಲ್ ಬರೆದವರು ‘ಸರಿಪಡಿಸಿ’ ಮೊದಲೇ ಹುಲ್ಲು ಎಂದು ಹಾಕಿಬಿಟ್ಟರೆ ಈ ಕಟ್ಟಡವೇ ಕುಸಿಯುತ್ತದೆ.

ಇನ್ನೊಂದು ಕಡೆ, ಮಲ್ರೇ ಮತ್ತು ಕ್ರಾಸ್ ಜಗಳವಾಡುವುದನ್ನು ದೂರದಿಂದ ನೋಡಿದ ಸಹಾಯಕ ವಾಲ್ಷ್ ತನಗೆ ಕೇಳಿಸಿದ್ದು ‘ಆ್ಯಪಲ್ ಕೋರ್’ ಮಾತ್ರ ಎನ್ನುತ್ತಾನೆ. ಮುಂದೆ ‘ಆಲ್ಬಕೋರ್’ ಎಂಬ ಕ್ಲಬ್ಬಿನ ಹೆಸರು ಬಂದಾಗ ಗಂಟು ಬಿಚ್ಚಿಕೊಳ್ಳುತ್ತದೆ.

ಎಚ್ಚರಿಕೆಯ ಗುರುತು: ನೀವು ನೆನಪಿನಿಂದ ಹೇಳುವ ಸಾಲಿಗೂ ಪರದೆಯ ಸಾಲಿಗೂ ಒಂದು ಪದದ ವ್ಯತ್ಯಾಸವಿದ್ದರೂ ಮುಂದಿನ ಹಂತಕ್ಕೆ ಹೋಗಬೇಡಿ.

## ಹಂತ 2: ಯಾರು, ಯಾರಿಗೆ, ಯಾವುದಕ್ಕೆ ಉತ್ತರವಾಗಿ

ಮಾತಿನ ಹಿಂದಿನ ಎರಡು ನಿಮಿಷ ನೋಡಿ, ನಾಲ್ಕು ಸಂಗತಿ ಬರೆಯಿರಿ: ಆಡಿದವರು, ಕೇಳಿದವರು, ಅಲ್ಲಿದ್ದೂ ಸುಮ್ಮನಿದ್ದವರು, ಇದಕ್ಕೆ ಸರಿಯಾಗಿ ಮುಂಚೆ ಬಂದ ಮಾತು.

ಬಹಳಷ್ಟು ಜನ ಎಡವುವುದು ಇಲ್ಲೇ. ‘ಬಿಟ್ಟುಬಿಡು ಜೇಕ್’ ಎಂದದ್ದು ಪೊಲೀಸ್ ಅಧಿಕಾರಿ ಎಸ್ಕೋಬಾರ್ ಎಂದು ನೆನಪಿಟ್ಟುಕೊಂಡವರಿದ್ದಾರೆ, ಗಿಟಿಸ್ ತಾನೇ ಅಂದುಕೊಂಡ ಎಂದವರೂ ಇದ್ದಾರೆ. ಹೇಳಿದ್ದು ವಾಲ್ಷ್, ಗಿಟಿಸ್ ಕೈಕೆಳಗಿನ ಮನುಷ್ಯ. ಅದಕ್ಕೆ ತುಸು ಮುಂಚೆ ಗಿಟಿಸ್, ಕಾರಿನಲ್ಲಿ ಸತ್ತು ಬಿದ್ದ ಹೋಲಿಸ್‌ನ ಹೆಂಡತಿ ಈವ್ಲಿನ್ ಮಲ್ರೇಯನ್ನು ನೋಡುತ್ತಾ, ತುಟಿ ಬಿಚ್ಚಿಯೂ ಬಿಚ್ಚದಂತೆ ‘ಆ್ಯಸ್ ಲಿಟಲ್ ಆ್ಯಸ್ ಪಾಸಿಬಲ್’ ಎಂದು ಗೊಣಗುತ್ತಾನೆ. ಆದಷ್ಟು ಕಡಿಮೆ. ಎಸ್ಕೋಬಾರ್‌ಗೆ ಅದು ಅರ್ಥವಾಗುವುದಿಲ್ಲ, ಏನಂದೆ ಎಂದು ರೇಗುತ್ತಾನೆ, ಇವನನ್ನು ಮನೆಗೆ ಕರೆದುಕೊಂಡು ಹೋಗಿ ಎನ್ನುತ್ತಾನೆ. ಆಮೇಲೆ ವಾಲ್ಷ್‌ನ ಮಾತು.

ಅಂದರೆ ಒಗಟು ಒಂದಲ್ಲ, ಎರಡು. ಪ್ರಸಿದ್ಧವಾದದ್ದು ಎರಡನೆಯದು, ಮೊದಲನೆಯದನ್ನು ಬಿಡಿಸದೆ ಅದು ಬಿಡಿಸಿಕೊಳ್ಳುವುದಿಲ್ಲ. ಹೆಡ್‌ಫೋನ್ ಬೇಕು ಎಂದದ್ದು ಈ ಗೊಣಗಾಟಕ್ಕಾಗಿ.

## ಹಂತ 3: ಅದೇ ಪದ ಹಿಂದೆ ಎಲ್ಲೆಲ್ಲಿ ಬಂದಿದೆ, ಹುಡುಕಿ

ಹೆಚ್ಚು ಹೊತ್ತು ಕೊಡಬೇಕಾದ ಹಂತ ಇದು. ಎಸ್‌ಆರ್‌ಟಿ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು ಕಂಟ್ರೋಲ್-ಎಫ್ ಒತ್ತಿ ಪದ ಹಾಕಿ. ಒಂದೊಂದು ಮಾತಿನ ಮೇಲೂ ಗಂಟೆ, ನಿಮಿಷ, ಸೆಕೆಂಡ್ ಅಚ್ಚಾಗಿರುತ್ತದೆ. ಆ ಸಮಯ ಬರೆದುಕೊಂಡು ಅಷ್ಟೂ ದೃಶ್ಯಗಳನ್ನು ಪರದೆಯ ಮೇಲೆ ಮತ್ತೆ ನೋಡಿ. ಫೈಲ್ ಓದಿ ಬಿಟ್ಟುಬಿಡಬೇಡಿ. ಮುಖ ನೋಡದೆ ಮಾತಿನ ತೂಕ ತಿಳಿಯುವುದಿಲ್ಲ. ಫೈಲ್ ಇಲ್ಲವೆಂದರೆ ಸಿನಿಮಾವನ್ನು ಮೊದಲಿಂದ ಇನ್ನೊಮ್ಮೆ ನೋಡುವುದೇ ದಾರಿ.

‘ಚೈನಾಟೌನ್’ ಎಂಬ ಪದ ಹಾಕಿ ಹುಡುಕಿದರೆ ಮೊದಲ ಬೆರಗು ಕಾದಿರುತ್ತದೆ: ಎರಡು ಗಂಟೆ ಮೀರಿದ ಸಿನಿಮಾದಲ್ಲಿ ಆ ಜಾಗಕ್ಕೆ ಕಥೆ ಕಾಲಿಡುವುದು ಕೊನೆಯ ದೃಶ್ಯದಲ್ಲಿ ಮಾತ್ರ. ಅಲ್ಲಿಯವರೆಗೂ ಅದು ಬರೀ ಮಾತು. ಮುಖ್ಯವಾದ ಮೂರು ಕಡೆ ಹೀಗಿವೆ.

ಮೊದಲು, ಎಸ್ಕೋಬಾರ್ ಜೊತೆಗಿನ ಭೇಟಿ. ಇಬ್ಬರೂ ಹಿಂದೆ ಚೈನಾಟೌನಿನಲ್ಲಿ ಪೊಲೀಸರಾಗಿದ್ದವರು. ಗಿಟಿಸ್ ಹಳೇ ಕೆಲಸದ ಬಗ್ಗೆ ಚುಚ್ಚುತ್ತಾನೆ, ಎಸ್ಕೋಬಾರ್ ತಾನು ಅಲ್ಲಿಂದ ಹೊರಬಂದೆ, ಲೆಫ್ಟಿನೆಂಟ್ ಆದೆ ಎನ್ನುತ್ತಾನೆ. ಬಡ್ತಿ ಅಂದರೆ ಅಲ್ಲಿಂದ ಪಾರಾಗುವುದು ಎಂಬಂತಿದೆ ಅವನ ಧಾಟಿ.

ಎರಡು, ಕ್ರಾಸ್ ಜೊತೆಗಿನ ಊಟ. ‘ನೀನು ಎಂಥದಕ್ಕೆ ಕೈ ಹಾಕಿದ್ದೀಯ ಎಂದು ಗೊತ್ತು ಅಂದುಕೊಂಡಿರಬಹುದು, ನಂಬು, ನಿನಗೆ ಗೊತ್ತಿಲ್ಲ’ ಎಂಬರ್ಥದಲ್ಲಿ ಕ್ರಾಸ್ ಹೇಳುತ್ತಾನೆ. ಗಿಟಿಸ್ ನಗುತ್ತಾನೆ. ಚೈನಾಟೌನಿನಲ್ಲಿ ಡಿಸ್ಟ್ರಿಕ್ಟ್ ಅಟಾರ್ನಿಯೂ (ಸರ್ಕಾರಿ ಮುಖ್ಯ ವಕೀಲ) ತನಗೆ ಇದನ್ನೇ ಹೇಳುತ್ತಿದ್ದ ಎನ್ನುತ್ತಾನೆ. ಅವನು ಹೇಳಿದ್ದು ನಿಜವಾಗಿತ್ತೆ ಎಂದು ಕ್ರಾಸ್ ಕೇಳುತ್ತಾನೆ. ಇಲ್ಲಿಗೆ ಚೈನಾಟೌನ್ ಬೀದಿಯ ಹೆಸರಾಗಿ ಉಳಿಯಲಿಲ್ಲ; ಗೊತ್ತಿದೆ ಅಂದುಕೊಂಡು ಗೊತ್ತಿಲ್ಲದೆ ನಡೆಯುವ ಸ್ಥಿತಿಯ ಹೆಸರಾಯಿತು.

ಮೂರನೆಯದು ಈವ್ಲಿನ್ ಮನೆಯಲ್ಲಿ, ರಾತ್ರಿ, ಇಬ್ಬರೂ ಹಾಸಿಗೆಯಲ್ಲಿರುವಾಗ. ಇದನ್ನು ನಿಧಾನಕ್ಕೆ ನೋಡಿ. ಅಲ್ಲಿ ಏನು ನಡೆಯುತ್ತಿದೆ ಎಂದು ಯಾವಾಗಲೂ ತಿಳಿಯುವುದಿಲ್ಲ ಎನ್ನುತ್ತಾನೆ ಗಿಟಿಸ್. ಡಿಸ್ಟ್ರಿಕ್ಟ್ ಅಟಾರ್ನಿಯ ಕಚೇರಿಗಾಗಿ ಕೆಲಸ ಮಾಡುತ್ತಿದ್ದೆ ಎನ್ನುತ್ತಾನೆ. ಏನು ಮಾಡುತ್ತಿದ್ದೆ ಎಂದು ಆಕೆ ಕೇಳಿದಾಗ ಉತ್ತರ: ‘ಆ್ಯಸ್ ಲಿಟಲ್ ಆ್ಯಸ್ ಪಾಸಿಬಲ್’. ಆಮೇಲೆ ಬಾಯಿಬಿಡುತ್ತಾನೆ: ಒಬ್ಬಳಿಗೆ ನೋವಾಗದಂತೆ ತಡೆಯಲು ಹೊರಟಿದ್ದ, ಕೊನೆಗೆ ಅವಳಿಗೆ ನೋವಾಗುವುದನ್ನು ತಾನೇ ಖಾತ್ರಿ ಮಾಡಿದ.

ಕೊನೆಯ ದೃಶ್ಯದ ಗೊಣಗಾಟ ಈ ಹಾಸಿಗೆಯ ಮಾತಿನ ಪುನರುಕ್ತಿ, ಅಕ್ಷರಕ್ಷರ ಅದೇ. ಮೊದಲು ಜಾಣತನದ ಜವಾಬಾಗಿದ್ದದ್ದು ಈಗ ತನ್ನ ಮೇಲೆ ತಾನೇ ಹೇಳಿಕೊಂಡ ತೀರ್ಪಾಗಿದೆ.

ಸಾಮಾನ್ಯ ತಪ್ಪು: ಪದ ಬಂದ ಕಡೆ ಮಾತ್ರ ನೋಡುವುದು. ಪದ ಬಾರದೆ ಅದೇ ಸನ್ನಿವೇಶ ಮರುಕಳಿಸಿದ ಕಡೆಯೂ ನೋಡಿ. ಗೆಳತಿಯೊಬ್ಬಳನ್ನು ಉಳಿಸಲು ಹೋಗಿ ಕಳೆದುಕೊಳ್ಳುವುದು ಇಲ್ಲಿ ಅಂಥ ಸನ್ನಿವೇಶ.

## ಹಂತ 4: ಮಾತು ಯಾವ ಕೆಲಸ ಮಾಡುತ್ತಿದೆ

‘ಇದರ ಅರ್ಥವೇನು’ ಎಂಬ ಪ್ರಶ್ನೆ ಪಕ್ಕಕ್ಕಿಟ್ಟು ‘ಈ ಮಾತಿನಿಂದ ಅವನು ಏನು ಮಾಡಿಸಲು ನೋಡುತ್ತಿದ್ದಾನೆ’ ಎಂದು ಕೇಳಿ. ಉತ್ತರ ಒಂದೇ ಕ್ರಿಯಾಪದದಲ್ಲಿ ಬರಬೇಕು: ಒಪ್ಪಿಸುವುದು, ಹೆದರಿಸುವುದು, ತಪ್ಪಿಸಿಕೊಳ್ಳುವುದು, ಹೀಗೆ. ವಾಲ್ಷ್‌ಗೆ ಬೇಕಿರುವುದು ಗಿಟಿಸ್‌ನನ್ನು ಅಲ್ಲಿಂದ ಎಳೆದೊಯ್ಯುವುದು, ಅಷ್ಟೇ. ಅವನು ತತ್ವ ಹೇಳುತ್ತಿಲ್ಲ.

ಆಮೇಲೆ ಸಾಲಿನ ಬದಲು ಸರಳವಾದ ಇನ್ನೊಂದು ಮಾತು ಹಾಕಿ ನೋಡಿ. ‘ಬಾ ಜೇಕ್, ಮನೆಗೆ ಹೋಗೋಣ’ ಎಂದರೂ ಎಳೆದೊಯ್ಯುವ ಕೆಲಸ ನಡೆಯುತ್ತದೆ. ಹಾಗಾದರೆ ಕಳೆದುಹೋದದ್ದೇನು? ಜಾಗದ ಹೆಸರು. ಬರಹಗಾರ ಕೂಡಿಸಿದ್ದು ಅದನ್ನೇ, ನೀವು ವಿವರಿಸಬೇಕಾದದ್ದೂ ಅಷ್ಟನ್ನೇ.

## ಹಂತ 5: ಒಮ್ಮೆ ಸದ್ದಿಲ್ಲದೆ, ಒಮ್ಮೆ ಚಿತ್ರವಿಲ್ಲದೆ

ಮ್ಯೂಟ್ ಮಾಡಿ ಕೊನೆಯ ಮೂರು ನಿಮಿಷ ನೋಡಿ, ಆಮೇಲೆ ಕಣ್ಣು ಮುಚ್ಚಿ ಅದನ್ನೇ ಕೇಳಿ. ಮ್ಯೂಟ್ ಮಾಡಿದಾಗ ಕಾಣುವುದು: ಗಿಟಿಸ್‌ನನ್ನು ಜೊತೆಗಾರರು ಕರೆದೊಯ್ಯುತ್ತಾರೆ, ಬೀದಿಯಲ್ಲಿ ಜನ ಸೇರುತ್ತಾರೆ, ಕ್ಯಾಮೆರಾ ಮೇಲೇರುತ್ತದೆ. ಕಣ್ಣು ಮುಚ್ಚಿದಾಗ ಕೇಳುವುದು: ಪ್ರಸಿದ್ಧ ಸಾಲು ಸಿನಿಮಾದ ಕೊನೆಯ ಮಾತಲ್ಲ. ಅದರ ಬೆನ್ನಿಗೇ ಜನರನ್ನು ಚದುರಿಸುವ, ಫುಟ್‌ಪಾತಿಗೆ ಹತ್ತಿ ಎನ್ನುವ ಪೊಲೀಸ್ ಗದರಿಕೆ ಇದೆ. ಕೊಲೆ ಕಂಡ ಕೂಡಲೇ ವ್ಯವಸ್ಥೆ ಮಾಡುವ ಕೆಲಸ ಬೀದಿ ಖಾಲಿ ಮಾಡಿಸುವುದು.

## ಹಂತ 6: ಹೊರಗಿನ ಮಾಹಿತಿಗೆ ಈಗ ಬಾಗಿಲು ತೆರೆಯಿರಿ

ಇದನ್ನು ಮೊದಲೇ ಮಾಡಿದವರು ಸಿನಿಮಾ ನೋಡುವುದನ್ನು ಬಿಟ್ಟು ಇತಿಹಾಸ ನೋಡತೊಡಗುತ್ತಾರೆ. ಎರಡು ಮೂರು ಸಂಗತಿ ಸಾಕು, ಒಂದೊಂದೂ ಆ ಸಾಲಿಗೆ ನೇರ ತಗುಲುವಂತಿರಬೇಕು.

ಇಲ್ಲಿ ತಗುಲುವ ಮೊದಲ ಸಂಗತಿ: ಚೈನಾಟೌನಿನಲ್ಲಿ ಕೆಲಸ ಮಾಡಿದ್ದ ಪೊಲೀಸನೊಬ್ಬ, ಅಲ್ಲಿ ಆದಷ್ಟು ಕಡಿಮೆ ಮಾಡಿ ಎಂದು ತಮಗೆ ಹೇಳಿದ್ದರು ಎಂದದ್ದನ್ನು ಟೌನ್ ಸಂದರ್ಶನಗಳಲ್ಲಿ ನೆನೆದಿದ್ದಾರೆ. ಭಾಷೆ ತಿಳಿಯದ ಕಡೆ, ತಾವು ಅಪರಾಧ ತಡೆಯುತ್ತಿದ್ದೇವೋ ಅಪರಾಧಕ್ಕೆ ನೆರವಾಗುತ್ತಿದ್ದೇವೋ ಎಂಬುದೇ ಪೊಲೀಸರಿಗೆ ಗೊತ್ತಾಗುತ್ತಿರಲಿಲ್ಲ. ಮೂರನೇ ಹಂತದಲ್ಲಿ ನಾವು ಸಿನಿಮಾದೊಳಗಿಂದಲೇ ತೆಗೆದ ಅರ್ಥ ಇದರಿಂದ ಗಟ್ಟಿಯಾಗುತ್ತದೆ.

ಎರಡನೆಯದು: ಕಥೆ ನಡೆಯುವುದು 1937ರ ಲಾಸ್ ಏಂಜಲೀಸಿನಲ್ಲಿ. ಚೀನೀಯರ ವಲಸೆಗೆ ತಡೆ ಹಾಕಿದ 1882ರ ಕಾಯ್ದೆ 1943ರವರೆಗೂ ಜಾರಿಯಲ್ಲಿತ್ತು. ಹಳೆಯ ಚೈನಾಟೌನಿನ ಬಹುಭಾಗವನ್ನು ಯೂನಿಯನ್ ರೈಲು ನಿಲ್ದಾಣಕ್ಕಾಗಿ ಕೆಡವಿದ್ದೂ ಆ ದಶಕದಲ್ಲೇ. ನಿಲ್ದಾಣ 1939ರಲ್ಲಿ ತೆರೆಯಿತು. ಆದ್ದರಿಂದ ‘ಅಲ್ಲಿ ಏನೂ ತಿಳಿಯುವುದಿಲ್ಲ’ ಎಂಬುದು ಬಿಳಿಯ ಪೊಲೀಸರ ನೋಟ. ಅಲ್ಲಿ ಬದುಕುವವರಿಗೆ ಅದು ಒಗಟಲ್ಲ, ಊರು. ಸಾಲನ್ನು ‘ಚೀನೀಯರ ಬೀದಿಯಲ್ಲಿ ಹೀಗೇ ಆಗುವುದು’ ಎಂದು ಓದುವುದು ದೊಡ್ಡ ತಪ್ಪು. ಇಲ್ಲಿನ ಪಾಪವನ್ನೆಲ್ಲ ಹೊರಗಿನಿಂದ ತಂದವನು ಕ್ರಾಸ್.

ಓವೆನ್ಸ್ ಕಣಿವೆಯ ನೀರು ತಂದ 1913ರ ಕಾಲುವೆ, ನೀರಿನ ರಾಜಕೀಯ ಇವೆಲ್ಲ ಸಿನಿಮಾಕ್ಕೆ ಮುಖ್ಯ, ನಿಜ. ಈ ಸಾಲಿಗೆ ಮಾತ್ರ ಅಷ್ಟಾಗಿ ತಗುಲುವುದಿಲ್ಲ. ಬಿಟ್ಟುಬಿಡಿ.

## ಹಂತ 7: ಎರಡು ಮೂರು ಅರ್ಥ ಬರೆದು ಪರೀಕ್ಷೆಗೆ ಒಡ್ಡಿ

ಹೊಳೆದ ಮೊದಲ ಅರ್ಥಕ್ಕೇ ಅಂಟಿಕೊಂಡರೆ ಇಷ್ಟು ದುಡಿದದ್ದು ವ್ಯರ್ಥ. ಬೇರೆ ಬೇರೆ ಅರ್ಥ ಬರೆಯಿರಿ. ಒಂದೊಂದರ ಕೆಳಗೂ ಅದನ್ನು ಬೆಂಬಲಿಸುವ ದೃಶ್ಯ, ಅದಕ್ಕೆ ಅಡ್ಡ ಬರುವ ದೃಶ್ಯ ಎರಡನ್ನೂ ನಮೂದಿಸಿ. ಅಡ್ಡ ಬರುವ ದೃಶ್ಯ ಒಂದೂ ಸಿಗಲಿಲ್ಲವೆಂದರೆ ಸರಿಯಾಗಿ ಹುಡುಕಿಲ್ಲ ಎಂದೇ ತಿಳಿಯಿರಿ.

*ಅರ್ಥ ಒಂದು: ಇಲ್ಲಿ ಕಾನೂನು ನಡೆಯುವುದಿಲ್ಲ, ಕೈಬಿಡು.* ವಾಲ್ಷ್ ಅಂದುಕೊಂಡದ್ದು ಇದನ್ನೇ. ಎಸ್ಕೋಬಾರ್ ಕ್ರಾಸ್‌ನನ್ನು ಹಿಡಿಯದಿರುವುದು ಬೆಂಬಲ. ಆದರೆ ಗಿಟಿಸ್‌ನ ಗೊಣಗಾಟವನ್ನು ಇದು ವಿವರಿಸುವುದಿಲ್ಲ.

*ಅರ್ಥ ಎರಡು: ನೀನು ಮತ್ತೆ ಅದನ್ನೇ ಮಾಡಿದೆ.* ಪುರಾವೆ ರಾಶಿಯಾಗಿ ಸಿಗುವುದು ಇದಕ್ಕೆ. ಈವ್ಲಿನ್ ಮೇಲೆ ಅನುಮಾನಪಟ್ಟು ಪೊಲೀಸರಿಗೆ ಫೋನ್ ಮಾಡಿದವನು ಗಿಟಿಸ್. ಕನ್ನಡಕ ಹೋಲಿಸ್‌ನದಲ್ಲ, ಅವನು ಬೈಫೋಕಲ್ ಹಾಕುತ್ತಿರಲಿಲ್ಲ ಎಂದು ಆಕೆಯಿಂದ ತಿಳಿದಮೇಲೆ, ಅದು ಕ್ರಾಸ್‌ನದು ಎಂದು ಅರಿತು ಅವನನ್ನು ಕರೆಸಿ ಎದುರಿಗೇ ಕೇಳಿದವನೂ ಗಿಟಿಸ್. ಹಾಗೆ ಮಾಡಿದ್ದರಿಂದ ಪುರಾವೆ ಕಳೆದುಕೊಂಡ, ಕ್ರಾಸ್‌ಗೆ ಚೈನಾಟೌನಿನ ದಾರಿ ತೋರಿಸಬೇಕಾಯಿತು. ಕೊನೆಗೆ ಎಸ್ಕೋಬಾರ್ ಎಚ್ಚರಿಕೆಯ ಗುಂಡು ಹಾರಿಸುವಾಗ ಅವನ ಮೇಲೆರಗಿ ತಡೆಯುತ್ತಾನೆ, ಪಕ್ಕದ ಇನ್ನೊಬ್ಬ ಪೊಲೀಸ್ ಹಾರಿಸಿದ ಗುಂಡು ಈವ್ಲಿನ್‌ಗೆ ತಗುಲುತ್ತದೆ. ಆದಷ್ಟು ಕಡಿಮೆ ಮಾಡಬೇಕಿತ್ತು, ಆದಷ್ಟು ಹೆಚ್ಚು ಮಾಡಿದ. ಅಡ್ಡ ಬರುವುದು: ವಾಲ್ಷ್ ಆ ಹಾಸಿಗೆಯ ಮಾತು ಕೇಳಿದವನಲ್ಲ, ಹಾಗಾಗಿ ಅವನು ಇದನ್ನು ಉದ್ದೇಶಿಸಿರಲಾರ.

*ಅರ್ಥ ಮೂರು: ಇಡೀ ಲೋಕವೇ ಚೈನಾಟೌನ್.* ವಿಡಿಯೋಗಳು ಸಾರುವುದು ಇದನ್ನು. ಕ್ರಾಸ್ ಊಟದ ದೃಶ್ಯ ಕೊಂಚ ಬೆಂಬಲ ಕೊಡುತ್ತದೆ. ಆದರೆ ವಾಲ್ಷ್ ಹೇಳಿದ್ದು ‘ಇದು’, ಈ ಜಾಗ. ಸಾಲನ್ನು ಇಷ್ಟು ಹಿಗ್ಗಿಸಿದರೆ ಗಿಟಿಸ್‌ನ ಹೊಣೆ ಲೋಕದ ಮೇಲೆ ಜಾರಿಹೋಗುತ್ತದೆ, ಅದು ಸಿನಿಮಾಕ್ಕೆ ಮಾಡುವ ಅನ್ಯಾಯ.

ಒಂದು, ಎರಡರಲ್ಲಿ ಗೆಲ್ಲಬೇಕಾದದ್ದು ಯಾವುದು? ಎರಡೂ ಉಳಿಯುತ್ತವೆ. ಮೊದಲನೆಯದು ಆಡಿದವನ ಅರ್ಥ, ಎರಡನೆಯದು ಕೇಳಿದವನ ಕಿವಿಯಲ್ಲಿ ಹುಟ್ಟುವ ಅರ್ಥ. ವಾಲ್ಷ್ ಸಮಾಧಾನಕ್ಕೆಂದು ಆಡಿದ ಮಾತೇ ಗಿಟಿಸ್‌ಗೆ ಅತಿ ಕ್ರೂರವಾದ ಮಾತು. ಒಗಟಾಗಿ ತೋರುವ ಬಹಳಷ್ಟು ಸಾಲುಗಳ ಒಳಕಟ್ಟು ಹೀಗೇ ಇರುತ್ತದೆ.

## ಹಂತ 8: ಎರಡು ವಾಕ್ಯದಲ್ಲಿ ಬರೆಯಿರಿ

ಮೊದಲ ವಾಕ್ಯದಲ್ಲಿ ಆಡಿದವರ ಉದ್ದೇಶ, ಎರಡನೆಯದರಲ್ಲಿ ಅದು ಹಿಂದಿನ ಯಾವ ದೃಶ್ಯವನ್ನು ಕೆರಳಿಸುತ್ತದೆ ಎಂಬುದು. ಎರಡನೇ ವಾಕ್ಯದಲ್ಲಿ ಒಂದಾದರೂ ನಿರ್ದಿಷ್ಟ ದೃಶ್ಯದ ಹೆಸರಿಲ್ಲದಿದ್ದರೆ ಮೂರನೇ ಹಂತಕ್ಕೆ ವಾಪಸ್ ಹೋಗಿ. ‘ಬದುಕಿನ ನಿರರ್ಥಕತೆ’, ‘ಮನುಷ್ಯನ ಒಂಟಿತನ’ ಎಂಬಂಥ ಪದಗಳು ಬಂದರೂ ವಾಪಸ್ ಹೋಗಿ. ಯಾವ ಸಿನಿಮಾಕ್ಕಾದರೂ ಹೊಂದುವ ವಿವರಣೆ ಯಾವ ಸಿನಿಮಾದ್ದೂ ಅಲ್ಲ.

## ಕನ್ನಡ ಸಿನಿಮಾವಾದರೆ ಬದಲಾಗುವುದು

ಹಂತಗಳು ಅವೇ, ಮೂರು ಕಡೆ ಹೆಚ್ಚು ಗಮನ ಬೇಕು. ಒಂದು, ಸಂಬೋಧನೆ. ‘ನೀವು’ ಎನ್ನುತ್ತಿದ್ದವರು ‘ನೀನು’ಗೆ ಇಳಿದ, ‘ಅಣ್ಣ’ ಎನ್ನುತ್ತಿದ್ದವರು ಹೆಸರು ಹಿಡಿದು ಕರೆದ ನಿಮಿಷವನ್ನು ಬರೆದುಕೊಳ್ಳಿ. ಇಂಗ್ಲಿಷ್ ಸಬ್‌ಟೈಟಲಿನಲ್ಲಿ ಇದು ಉಳಿಯುವುದು ಕಷ್ಟ, ಹೊರನಾಡಿನಲ್ಲಿ ಬೆಳೆದ ಮಕ್ಕಳ ಜೊತೆ ನೋಡುವಾಗ ಬಾಯಿಬಿಟ್ಟು ಹೇಳಬೇಕಾಗುತ್ತದೆ.

ಎರಡು, ಸೀಮೆ. ಹುಬ್ಬಳ್ಳಿ, ಕುಂದಾಪುರ, ಮಂಡ್ಯದ ಮಾತಿನಲ್ಲಿ ಒಂದೇ ಪದಕ್ಕೆ ಬೇರೆ ಬೇರೆ ತೂಕ. ನಿಮ್ಮ ಸೀಮೆಯದಲ್ಲದ ಪದ ಸಿಕ್ಕರೆ ನಿಘಂಟಿಗಿಂತ ಮೊದಲು ಆ ಕಡೆಯವರನ್ನು ಕೇಳಿ. ಬೈಗುಳದಂತೆ ಕೇಳಿಸಿದ್ದು ಅಲ್ಲಿ ಸಲಿಗೆಯ ಮಾತಾಗಿರಬಹುದು.

ಮೂರು, ಧ್ವನಿ. ನಮ್ಮಲ್ಲಿ ಅನೇಕ ಚಿತ್ರಗಳ ಮಾತನ್ನು ಚಿತ್ರೀಕರಣದ ನಂತರ ಸ್ಟುಡಿಯೋದಲ್ಲಿ ಡಬ್ ಮಾಡುತ್ತಾರೆ, ಸೆನ್ಸಾರ್ ಹೇಳಿದ ಕಡೆ ಮ್ಯೂಟ್ ಮಾಡುವುದೂ ಉಂಟು. ತುಟಿಗೂ ಮಾತಿಗೂ ಹೊಂದಿಕೆಯಾಗದೆ ಸಾಲು ವಿಚಿತ್ರವೆನಿಸಿದರೆ ಅರ್ಥ ಹುಡುಕುವ ಮುಂಚೆ ತುಟಿ ನೋಡಿ. ಸೆಟ್ಟಿನಲ್ಲಿ ಆಡಿದ ಮಾತೇ ಬೇರೆಯಿದ್ದು, ನಿಮ್ಮನ್ನು ಕಾಡಿದ ಒಗಟು ಡಬ್ಬಿಂಗ್ ಕೋಣೆಯಲ್ಲಿ ಹುಟ್ಟಿದ್ದಾಗಿರಬಹುದು.